ಮೊದಲೇ ಬಿದ್ದಿದ್ದ ಟಿಕ್

ಚುಕ್ಕಿಗೆ ತನ್ನ ಕೆಲಸ ಏನೆಂದು ನೆಂಟರಿಷ್ಟರಿಗೆ ಬಿಡಿಸಿ ಹೇಳಲು ಎಂದೂ ಬಂದಿರಲಿಲ್ಲ. ಆಸ್ಪತ್ರೆ, ಗ್ರಂಥಾಲಯ, ಸಾರಿಗೆ ಕಚೇರಿ ಇಂಥ ಕಡೆ ಜನ ಬೆರಳಿಟ್ಟು ತುಂಬುವ ಪರದೆಗಳಲ್ಲಿ ಯಾವ ಪ್ರಶ್ನೆ ಮೊದಲು ಬರಬೇಕು, ಯಾವ ಬಟನ್ ದೊಡ್ಡದಿರಬೇಕು, ಯಾವುದು ಇದ್ದೂ ಇಲ್ಲದಂತಿರಬೇಕು ಎಂದು ತೀರ್ಮಾನಿಸುವುದು ಅವಳ ಕೆಲಸ. ಭೂಗೋಳದ ಮೇಷ್ಟ್ರಾಗಿದ್ದ ಅವಳ ಗಂಡ ಮಾತ್ರ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ: ಜನ ತಲೆ ಕೆಡಿಸಿಕೊಳ್ಳದೆ ಹೂಂ ಅನ್ನುವ ಹಾಗೆ ಮಾಡುವುದು ಇವಳ ಉದ್ಯೋಗ, ಮನೆಯಲ್ಲಿ ನನ್ನ ಮೇಲೆಯೇ ಅಭ್ಯಾಸ ಮಾಡಿಕೊಂಡದ್ದು. ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಳಗೊಳಗೇ ಸ್ವಲ್ಪ ಹೆಮ್ಮೆಯಿಂದಲೇ.

ಆ ವಿದ್ಯೆಯ ಮೊದಲ ಪಾಠ ಹೇಳಿಕೊಟ್ಟವನು ಅಣ್ಣ. ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಅವಳಿಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನು. ಅವಳಿಗೆ ನಾಲ್ಕು ತುಂಬುವ ಮೊದಲೇ ಅಪ್ಪ ತೀರಿಕೊಂಡದ್ದರಿಂದ ಅಪ್ಪನೆಂದರೂ ಅವನೇ, ಅಣ್ಣನೆಂದರೂ ಅವನೇ. ಅಮ್ಮ ಹೊಲಿಗೆ ಕಾರ್ಖಾನೆಗೆ ಹೋದಾಗ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಅಕ್ಷರಗಳನ್ನೆಲ್ಲ ತಾನು ಬರೆದು, ಸೊನ್ನೆಗಳ ಹೊಟ್ಟೆಯಷ್ಟನ್ನು ಅವಳಿಗೆಂದು ಖಾಲಿ ಬಿಡುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು ಬಣ್ಣ ತುಂಬುತ್ತಿದ್ದಳು. ಚುಕ್ಕಿ ತುಂಬುವವಳು ಎಂದು ಚುಕ್ಕಿ ಎಂಬ ಹೆಸರೇ ಅಂಟಿಕೊಂಡಿತು. ಓದುವವನು ನಿಂತು ಓದುವುದಿಲ್ಲ, ನಡೆಯುತ್ತಾ ಓದುತ್ತಾನೆ. ಅವನ ಕಾಲು ನಿಲ್ಲದಿದ್ದರೂ ಕಣ್ಣು ನಿಲ್ಲಬೇಕು ಎಂದು ಅಣ್ಣ ಹೇಳುತ್ತಿದ್ದ. ಮುಂದೆ ಕಾಲೇಜಿನಲ್ಲಿ ದಪ್ಪ ದಪ್ಪ ಪುಸ್ತಕ ಓದಿದಾಗ ಅವಳಿಗೆ ಅನ್ನಿಸಿದ್ದು, ಇದರಲ್ಲಿ ಅರ್ಧಕ್ಕರ್ಧ ಅಣ್ಣ ಏಣಿಯ ಮೇಲೆ ನಿಂತು ಹೇಳಿದ್ದೇ ಎಂದು.

ಓದಿಸಿದವನೂ ಅವನೇ, ಮದುವೆ ಮಾಡಿಕೊಟ್ಟವನೂ ಅವನೇ. ತಾನು ಮಾತ್ರ ಮದುವೆಯಾಗಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಮ್ಮನ ಜೊತೆ ಇದ್ದುಬಿಟ್ಟ.

ಇಬ್ಬರ ನಡುವೆ ಮಾತು ಕಡಿದದ್ದು ಅಮ್ಮನ ಆಪರೇಷನ್ನಿನಿಂದ. ಅಮ್ಮನಿಗೆ ಎಪ್ಪತ್ತಾರಾಗಿತ್ತು, ಹೃದಯದ ಒಂದು ಕವಾಟ ಸವೆದಿತ್ತು. ಡಾಕ್ಟರನ್ನು ಕಾಣಬೇಕಿದ್ದ ದಿನ ಅಣ್ಣನಿಗೆ ಒಂದು ದೊಡ್ಡ ಬೋರ್ಡಿನ ಕೆಲಸ ಅರ್ಧಕ್ಕೆ ನಿಂತಿತ್ತು. ನೀನೇ ಹೋಗಿ ಕೇಳಿಕೊಂಡು ಬಾ ಎಂದು ಚುಕ್ಕಿಯನ್ನು ಕಳುಹಿಸಿದ. ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಈ ವಯಸ್ಸಿನಲ್ಲಿ ನೂರು ಜನಕ್ಕೆ ಮಾಡಿದರೆ ಹತ್ತು ಜನ ಉಳಿಯುವುದಿಲ್ಲ. ಮಾಡದೆ ಬಿಟ್ಟರೆ ಏದುಸಿರು ಬಿಡುತ್ತಾ ಹೀಗೇ ಒಂದೆರಡು ವರ್ಷ ತಳ್ಳಬಹುದು. ಚುಕ್ಕಿಗೆ ಅಲ್ಲೇ ಮನಸ್ಸಿನಲ್ಲಿ ಆಪರೇಷನ್ ಆಗಲಿ ಎಂದಾಗಿಹೋಗಿತ್ತು. ಅಮ್ಮ ಮೆಟ್ಟಿಲು ಹತ್ತಲಾರದೆ ಗೋಡೆಗೆ ಒರಗಿ ನಿಲ್ಲುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಅಣ್ಣ ಹೆದರುವವನು ಎಂಬುದೂ ಗೊತ್ತಿತ್ತು. ಏಣಿಯ ಕೆಳಗೆ ನಿಂತು, ಡಾಕ್ಟರು ಏನಂದರು ಎಂದು ಅವನು ಮೇಲಿನಿಂದ ಕೇಳಿದಾಗ, ನೂರಕ್ಕೆ ತೊಂಬತ್ತು ಜನ ಗುಣವಾಗಿ ಮನೆಗೆ ಹೋಗುತ್ತಾರಂತೆ ಎಂದಳು. ಒಂದೆರಡು ವರ್ಷದ ಮಾತನ್ನು ಎತ್ತಲೇ ಇಲ್ಲ. ಅಣ್ಣನ ಮುಖ ಅರಳಿತು. ತೊಂಬತ್ತು ಅಂದರೆ ಇನ್ನೇನು ಬೇಕು, ಮಾಡಿಸೋಣ ಎಂದ.

ಅಮ್ಮ ಆಪರೇಷನ್ ಟೇಬಲ್ಲಿನ ಮೇಲೇ ಹೋದಳು.

ಅಣ್ಣನಿಗೆ ಸಮಾಧಾನ ಹೇಳಲು ಬಂದ ಡಾಕ್ಟರು, ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆಂದು ನಿಮ್ಮ ತಂಗಿಗೆ ಮೊದಲೇ ಹೇಳಿದ್ದೆ, ಬೇಕಿದ್ದರೆ ಕಾಯಬಹುದು ಎಂದೂ ಹೇಳಿದ್ದೆ ಎಂದರು. ಎರಡು ವಾರ ಕಳೆದು ಚುಕ್ಕಿ ಅಂಗಡಿಗೆ ಹೋದಾಗ ಅಣ್ಣ ಕುಂಚಗಳನ್ನು ತೊಳೆಯುತ್ತಾ ಕುಳಿತಿದ್ದ. ತಲೆ ಎತ್ತದೆ ಕೇಳಿದ.

"ತೊಂಬತ್ತು ಅಂದೆ. ಹತ್ತು ಎಲ್ಲಿಗೆ ಹೋಯ್ತು?"

"ಎರಡೂ ಒಂದೇ ಅಲ್ವಾ ಅಣ್ಣ?"

"ಲೆಕ್ಕಕ್ಕೆ ಒಂದೇ. ಕೇಳೋನಿಗೆ ಒಂದಲ್ಲ. ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು." ಕುಂಚವನ್ನು ಬಟ್ಟೆಗೆ ಒರೆಸಿದ. "ನೀನು ಸುಳ್ಳು ಹೇಳ್ಲಿಲ್ಲ, ಚುಕ್ಕಿ. ನನ್ನ ಬಾಯಲ್ಲಿ ಹೂಂ ಅನ್ನಿಸ್ಕೊಂಡೆ, ಅಷ್ಟೆ."

ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಅವನ ಮಾತು ನಿಜವಾಗಿದ್ದರಿಂದಲೇ. ಅಷ್ಟಿದ್ದರೆ ನೀನೇ ಬಂದು ಕೇಳಬಹುದಿತ್ತು, ನಿನಗೆ ಅಮ್ಮನಿಗಿಂತ ಬೋರ್ಡು ಹೆಚ್ಚಾಗಿತ್ತು ಎಂದು ಅಂದುಬಿಟ್ಟಳು. ಅಣ್ಣ ಕುಂಚಗಳನ್ನು ಡಬ್ಬಿಯಲ್ಲಿಟ್ಟು ಒಳಗೆ ಹೋದ. ಮಾತು ಆಡಿದರೆ ಹೋಯಿತು ಎಂಬುದನ್ನು ಅವಳು ಮನೆ ಸೇರುವಷ್ಟರಲ್ಲೇ ಕಂಡುಕೊಂಡಿದ್ದಳು. ಆದರೂ ವಾಪಸು ಹೋಗಲಿಲ್ಲ. ಮೊದಲ ವರ್ಷ ನಾಲ್ಕೈದು ಸಲ ಫೋನ್ ಮಾಡಿದಳು. ಅವನು ಹೂಂ, ಹಾಂ ಎಂದ. ಆಮೇಲೆ ಅವನೇ ಮಾಡಲಿ ಎಂದು ಇವಳು ಬಿಟ್ಟಳು. ಅವನು ಏನೆಂದುಕೊಂಡು ಬಿಟ್ಟನೋ. ಒಂದೇ ಊರಿನಲ್ಲಿ, ಎರಡು ಬಸ್ಸುಗಳ ದೂರದಲ್ಲಿ, ಆರು ವರ್ಷ ಹೀಗೆ ಕಳೆಯಿತು.

ಆ ಆರು ವರ್ಷದಲ್ಲಿ ಚುಕ್ಕಿ ಕಚೇರಿಯಲ್ಲಿ ಮೇಲೇರಿದಳು. ನಗರದ ದೊಡ್ಡ ಆಸ್ಪತ್ರೆಗಳಿಗೆ ರೋಗಿಗಳ ದಾಖಲಾತಿ ಫಾರಂ ಮಾಡಿಕೊಡುವ ಕೆಲಸ ಅವಳ ತಂಡಕ್ಕೆ ಬಂತು. ಒಳಗೆ ಬಂದ ರೋಗಿಯ ಕೈಗೆ ಒಂದು ಟ್ಯಾಬ್ ಕೊಡುತ್ತಾರೆ, ಅವರು ಹೆಸರು, ವಿಳಾಸ, ಕಾಯಿಲೆ ಎಲ್ಲ ತುಂಬಬೇಕು. ಸಾಲು ಬೆಳೆಯುತ್ತದೆ ಎಂದು ನರ್ಸುಗಳ ದೂರು. ಎಲ್ಲಿ ತಡವಾಗುತ್ತದೆಂದು ಚುಕ್ಕಿ ಪುಟಪುಟದ ಸಮಯ ಅಳೆಸಿದಳು. ಜನ ತಡವರಿಸುತ್ತಿದ್ದದ್ದು ಒಂದು ಪ್ರಶ್ನೆಯಲ್ಲಿ. ಜೊತೆಗೆ ಬಂದವರ ಹೆಸರು ಬರೆದಾದ ಮೇಲೆ, 'ಬೇರೆ ಯಾರಿಗಾದರೂ ತಿಳಿಸಬೇಕೆ?' ಎಂದು ಕೇಳುವ ಪುಟ ಅದು. ಅಲ್ಲಿ ಬೆರಳು ನಿಂತುಬಿಡುತ್ತಿತ್ತು. ನಿಂತರೂ, ಹೆಚ್ಚಿನವರು ಕೊನೆಗೆ ಒತ್ತುತ್ತಿದ್ದದ್ದು 'ಬೇಡ' ಎಂಬುದನ್ನೇ. ಹೇಗೂ ಅದನ್ನೇ ಒತ್ತುವುದಾದರೆ ನಾವೇ ಒತ್ತಿಟ್ಟಿರೋಣ ಎಂದು ಅವಳು 'ಬೇಡ'ದ ಮುಂದೆ ಮೊದಲೇ ಟಿಕ್ ಹಾಕಿಸಿದಳು. 'ಹೌದು' ಎಂಬುದನ್ನು ತೆಳುವಾದ ಬೂದು ಅಕ್ಷರದಲ್ಲಿ ಪಕ್ಕಕ್ಕೆ ಸರಿಸಿದಳು. 'ಮುಂದೆ' ಎಂಬ ಹಸಿರು ಬಟನ್ ಹೆಬ್ಬೆರಳು ಬೀಳುವ ಜಾಗದಲ್ಲೇ ಬಂದು ಕೂತಿತು.

ಸಭೆಯಲ್ಲಿ ಒಬ್ಬ ಹಿರಿಯ ನರ್ಸ್ ಮಾತ್ರ, ಜ್ವರದಲ್ಲಿ ಬಂದವರು ಇದನ್ನು ಓದುತ್ತಾರಾ ಎಂದು ಕೇಳಿದ್ದಳು. ಬೇಕಾದವರು ಬದಲಾಯಿಸಿಕೊಳ್ಳುತ್ತಾರೆ, ಬಾಗಿಲೇನೂ ಮುಚ್ಚಿಲ್ಲವಲ್ಲ ಎಂದು ಚುಕ್ಕಿ ಉತ್ತರ ಕೊಟ್ಟಳು. ಒಂದೂಕಾಲು ನಿಮಿಷ ಹಿಡಿಯುತ್ತಿದ್ದ ಫಾರಂ ಐವತ್ತು ಸೆಕೆಂಡಿಗೆ ಇಳಿಯಿತು. ಎಲ್ಲರೂ ಭೇಷ್ ಎಂದರು.

ಒಂದು ಮಧ್ಯಾಹ್ನ, ಕಚೇರಿಯ ಕ್ಯಾಂಟೀನಿನಲ್ಲಿ ತಟ್ಟೆಯ ಮುಂದೆ ಕೂತಿದ್ದಾಗ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಗಂಡಸಿನ ದನಿ, ಸಿಟ್ಟನ್ನು ಹಿಡಿದಿಟ್ಟುಕೊಂಡ ದನಿ.

"ನಾನು ಗಾಜಿನಂಗಡಿಯವನು, ನಿಮ್ಮಣ್ಣನ ಪಕ್ಕದ ಅಂಗಡಿ. ಮಣ್ಣು ಮಾಡುವಾಗ್ಲೂ ನೀವು ಬರ್ಲಿಲ್ಲ. ಈಗ ಕೋಣೆ ಖಾಲಿ ಮಾಡ್ಬೇಕಂತೆ, ಸಾಮಾನು ಏನು ಮಾಡ್ಲಿ ಅಂತಾದ್ರೂ ಹೇಳ್ತೀರಾ?"

ಅವಳು, ಯಾರನ್ನು ಮಣ್ಣು ಮಾಡುವಾಗ ಎಂದು ಕೇಳಿದಳು. ಆ ಕಡೆಯಿಂದ ಬಂದದ್ದು ಸಿಟ್ಟೆಲ್ಲ ಇಳಿದ ದನಿ.

"ಅಯ್ಯೋ ತಾಯಿ. ನಿಮಗೆ ಯಾರೂ ಹೇಳೇ ಇಲ್ವಾ?"

ಅಣ್ಣ ಸತ್ತು ಹದಿನೆಂಟು ದಿನವಾಗಿತ್ತು.

ಅವಳು ಗಂಡನಿಗೂ ಹೇಳದೆ ಸೀದಾ ಅಂಗಡಿಗೆ ಹೋದಳು. ಗಾಜಿನಂಗಡಿಯವನು ಅರವತ್ತು ದಾಟಿದ ಕುಳ್ಳ ಮನುಷ್ಯ, ಬೆರಳುಗಳ ತುಂಬ ಹಳೆಯ ಗಾಯದ ಗೆರೆಗಳು. ಒಂದು ಸ್ಟೂಲು ಒರೆಸಿ ಕೂರಿಸಿ, ನಡೆದದ್ದನ್ನೆಲ್ಲ ಹೇಳಿದ. ಹತ್ತು ದಿನ ಕೆಮ್ಮಿ ಕೆಮ್ಮಿ, ಬರೀ ಕಷಾಯ ಕುಡಿದು ತಳ್ಳಿದನಂತೆ ಅಣ್ಣ. ಒಂದು ಸೋಮವಾರ ಉಸಿರು ಹಿಡಿದುಕೊಂಡಾಗ ಇವನೇ ಗಾಜು ಸಾಗಿಸುವ ವ್ಯಾನಿನಲ್ಲಿ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿಸಿದ. ಒಳಗೆ ಬಿಟ್ಟು ವ್ಯಾನ್ ನಿಲ್ಲಿಸಲು ಹೋಗಿ ಬರುವಷ್ಟರಲ್ಲಿ ಫಾರಂ ತುಂಬುವುದೆಲ್ಲ ಮುಗಿದಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಗುರುವಾರ ಬೆಳಿಗ್ಗೆ ಹೋಗಿಬಿಟ್ಟ.

"ಮಂಗಳವಾರ ನಾನೇ ಕೇಳ್ದೆ, ತಂಗೀಗೆ ಹೇಳ್ಲಾ ಅಂತ," ಎಂದ ಗಾಜಿನಂಗಡಿಯವನು. "ಅದೆಲ್ಲ ಬರುವಾಗ್ಲೇ ಕೇಳಿದ್ರು, ಆಯ್ತು ಅಂದ. ನಾನು ಏನಂದ್ಕೊಂಡೆ, ನಿಮ್ಮ ನಂಬರು ಕೊಟ್ಟಿದಾನೆ, ಆಸ್ಪತ್ರೆಯೋರು ಹೇಳಿದಾರೆ, ನೀವೇ ಬರ್ಲಿಲ್ಲ ಅಂತ. ಇಷ್ಟು ದಿನ ನಿಮ್ಮನ್ನ ಬೈದ್ಕೊಂಡೇ ಓಡಾಡಿದೆ."

ಯಾವ ಆಸ್ಪತ್ರೆ ಎಂದು ಅವಳು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು. ಆ ಫಾರಂ ಮೊದಲು ಬಂದ ಆಸ್ಪತ್ರೆಯೇ ಅದು. ಅಣ್ಣ ಹೋದ ಗುರುವಾರದ ದಿನಾಂಕ ಕೇಳಿ ಬೆರಳು ಮಡಿಸಿ ಎಣಿಸಿದಳು. ಅದರ ಹಿಂದಿನ ದಿನ, ಬುಧವಾರ, ಅವಳು ಅದೇ ಆಸ್ಪತ್ರೆಯ ಕೆಳಮಹಡಿಯಲ್ಲಿದ್ದಳು. ಫಾರಂ ಹೇಗೆ ನಡೆಯುತ್ತಿದೆ ಎಂದು ನೋಡಲು ಹೋಗಿದ್ದಳು, ಸಾಲು ಕರಗಿದೆ ಎಂದು ನರ್ಸುಗಳು ಅವಳಿಗೆ ಟೀ ತರಿಸಿಕೊಟ್ಟಿದ್ದರು. ಎರಡು ಮಹಡಿ ಮೇಲೆ ಅಣ್ಣ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ.

ಅವನು ಬೇಡವೆಂದನೋ, ಅಥವಾ ಬೇಡವೆಂದು ಮೊದಲೇ ಇದ್ದದ್ದನ್ನು ಹಾಗೇ ಬಿಟ್ಟನೋ? 'ಆಯ್ತು' ಎಂದದ್ದು ಚುಕ್ಕಿಗೆ ತಿಳಿಸಿ ಆಯಿತು ಎಂದೋ, ಚುಕ್ಕಿಯ ವಿಷಯ ಮುಗಿಯಿತು ಎಂದೋ? ಇದು ತಿಳಿಯದೆ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋದಳು. ಕೆಲಸದ ಗುರುತುಚೀಟಿ ಕೊರಳಲ್ಲಿದ್ದರೂ ತೋರಿಸಲಿಲ್ಲ, ತಂಗಿಯೆಂದೇ ಕೇಳಿದಳು. ಮೇಲ್ವಿಚಾರಕಿ ಫೈಲು ತೆರೆದು ನೋಡಿ, ಇಲ್ಲಿ ತಂಗಿಯ ಹೆಸರೇ ಇಲ್ಲವಲ್ಲ, ಸಂಬಂಧಕ್ಕೆ ಏನಾದರೂ ಪುರಾವೆ ತನ್ನಿ ಎಂದಳು. ಚುಕ್ಕಿ ಮನೆಯ ಪೆಟ್ಟಿಗೆಯಿಂದ ತನ್ನ ಶಾಲೆಯ ಅಂಕಪಟ್ಟಿಗಳನ್ನು ತಂದುಕೊಟ್ಟಳು. ಹತ್ತು ವರ್ಷದ ಹತ್ತು ಹಾಳೆ, ಪೋಷಕರ ಸಹಿ ಎಂದಿರುವಲ್ಲೆಲ್ಲ ಅಣ್ಣನ ದುಂಡನೆಯ ಸಹಿ. ಮೇಲ್ವಿಚಾರಕಿ ಒಂದೊಂದನ್ನೇ ತಿರುವಿ ನೋಡಿ, ಅವನ ಫಾರಂನ ಪ್ರತಿ ತೆಗೆದುಕೊಟ್ಟಳು.

'ಬೇರೆ ಯಾರಿಗಾದರೂ ತಿಳಿಸಬೇಕೆ?' ಅದರ ಮುಂದೆ: 'ಬೇಡ.'

ಅಷ್ಟೇ. ಕೈಯಾರೆ ಒತ್ತಿದ ಬೇಡಕ್ಕೂ ಸುಮ್ಮನೆ ಬಿಟ್ಟ ಬೇಡಕ್ಕೂ ಆ ಹಾಳೆಯಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಬರೆದಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಅವಳು ಅಳೆಸಿದ್ದು ಸಮಯವನ್ನು. ಅದು ಮಾತ್ರ ಅಂಚಿನಲ್ಲಿ ಸಣ್ಣ ಅಂಕಿಗಳಲ್ಲಿತ್ತು. ಹೆಸರಿಗೆ ಹನ್ನೆರಡು ಸೆಕೆಂಡು, ವಿಳಾಸಕ್ಕೆ ಹತ್ತೊಂಬತ್ತು. ಈ ಪ್ರಶ್ನೆಗೆ ನಲವತ್ತೊಂದು. ಟಿಕ್ ಬಂದ ಮೇಲೆ ಹೆಚ್ಚಿನವರು ಈ ಪುಟವನ್ನು ಮೂರು ಸೆಕೆಂಡಿನಲ್ಲಿ ದಾಟುತ್ತಿದ್ದರು.

ನಲವತ್ತೊಂದು ಸೆಕೆಂಡಿನಲ್ಲಿ ಅಣ್ಣ ಏನು ಮಾಡಿದ? ಅವಳ ಹೆಸರು ನೆನೆದು, ಬೇಡವೆಂದು ಗಟ್ಟಿ ಮಾಡಿಕೊಂಡನೇ? ಅಥವಾ ಬರೆಯೋಣವೆಂದು ಹುಡುಕಿ, 'ಹೌದು' ಎಲ್ಲಿದೆಯೆಂದು ಕಾಣದೆ, ಹಸಿರು ಬಟನ್ ಒತ್ತಿಬಿಟ್ಟನೇ? ಅಥವಾ ಅದ್ಯಾವುದೂ ಅಲ್ಲ, ಬರೀ ಕೆಮ್ಮು ಬಂದು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡನೇ? ಒಂದೊಂದು ಸಲ ಅವಳಿಗೆ ಇನ್ನೊಂದು ತೋರುತ್ತಿತ್ತು. ನಲವತ್ತು ವರ್ಷ ಬೋರ್ಡ್ ಬರೆದವನ ಕಣ್ಣಿಗೆ ಆ ಬೂದು ಅಕ್ಷರ ಬೀಳದೆ ಇದ್ದೀತೇ? ಇದನ್ನು ಬರೆದವರಿಗೆ ಇದು ಕಾಣುವುದು ಬೇಕಿರಲಿಲ್ಲ ಎಂದು ಅವನಿಗೆ ಅರ್ಥವಾಗಿರಲೇಬೇಕು. ಅರ್ಥವಾಗಿ, ಸರಿ ಬಿಡು ಎಂದು ಬಿಟ್ಟನೇನೋ. ದಾಖಲಾತಿ ಮೇಜಿನ ನರ್ಸನ್ನು ಹುಡುಕಿ ಕೇಳಿದಳು. ಪಾಪ, ದಿನಕ್ಕೆ ನೂರೈವತ್ತು ಜನರನ್ನು ಕಾಣುವವಳು, ನೆನಪಿಲ್ಲ ಎಂದಳು.

ಭಾನುವಾರ ಅಣ್ಣನ ಕೋಣೆ ಖಾಲಿ ಮಾಡಲು ಗಂಡನ ಜೊತೆ ಹೋದಳು. ಗಂಡ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಾಗ, ಹಗ್ಗ ಕಟ್ಟುತ್ತಿದ್ದ ಗಾಜಿನಂಗಡಿಯವನ ಮುಂದೆ ಕೂತು ಅಮ್ಮನ ವಿಷಯ ಹೇಳಿದಳು. ತೊಂಬತ್ತರ ಮಾತು, ನುಂಗಿಕೊಂಡ ಹತ್ತರ ಮಾತು, ಒಂದೆರಡು ವರ್ಷದ ಮಾತು, ಎಲ್ಲವನ್ನೂ. ಆಸ್ಪತ್ರೆಯ ಫಾರಂ ತಾನೇ ಮಾಡಿದ್ದೆಂದೂ ಹೇಳಿದಳು. ತಪ್ಪು ನನ್ನದೇ, ಅಣ್ಣ ಅಂದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂದಳು.

ಅವನು ಹಗ್ಗ ಬಿಗಿದು ಗಂಟು ಹಾಕಿದ.

"ಇದನ್ನ ನನಗೆ ಹೇಳಿ ಏನು ಬಂತಮ್ಮ," ಎಂದ. ಬೈಗುಳವಾಗಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವಂತೆ. "ಇದನ್ನ ಅವ್ನು ಕೇಳಿಸ್ಕೋಬೇಕಿತ್ತು."

ಅವಳಿಗೆ ಅಲ್ಲಿಯವರೆಗೂ ಬಾರದ ಅಳು ಆಗ ಬಂತು. ಗಾಜಿನಂಗಡಿಯವನು ಅವಳನ್ನು ಅಳಲು ಬಿಟ್ಟು, ಮೆಟ್ಟಿಲಲ್ಲಿ ಗಂಡನ ಜೊತೆ ಕೈ ಜೋಡಿಸಲು ಹೋದ.

ಕೆಲಸಕ್ಕೆ ಮರಳಿದ ದಿನವೇ ವಿಭಾಗದ ಮುಖ್ಯಸ್ಥನ ಬಳಿ ಹೋಗಿ, ಆ ಟಿಕ್ ತೆಗೆಯಬೇಕು ಎಂದಳು. ಅವನು ಕೆಟ್ಟವನಲ್ಲ. ಎದ್ದು ಬಾಗಿಲು ಹಾಕಿ ಬಂದು, ನಿಮ್ಮ ದುಃಖ ಅರ್ಥವಾಗುತ್ತದೆ, ಆದರೆ ಒಬ್ಬರ ಕಥೆ ಕೇಳಿ ಪರದೆ ಬದಲಾಯಿಸಲಾಗದು ಎಂದು ನೀವೇ ನಮಗೆಲ್ಲ ಕಲಿಸಿದ್ದಲ್ಲವೇ ಎಂದ. ನಿಜವೇ, ಅವಳೇ ಕಲಿಸಿದ್ದು. ಹಾಗಾದರೆ ಪರೀಕ್ಷೆ ಮಾಡೋಣ ಎಂದಳು. ಅದೇ ಆಸ್ಪತ್ರೆಯಲ್ಲಿ ಎರಡು ವಾರ, ಬಂದವರಲ್ಲಿ ಅರ್ಧದಷ್ಟು ಜನರಿಗೆ ಟಿಕ್ ಇಲ್ಲದ ಪುಟ ಕೊಟ್ಟರು. ಹೌದೋ ಬೇಡವೋ ಅವರೇ ಒತ್ತಬೇಕು, ಒತ್ತದೆ ಮುಂದೆ ಹೋಗುವಂತಿಲ್ಲ, ಎರಡೂ ಒಂದೇ ಅಳತೆಯ ಅಕ್ಷರ. ಟಿಕ್ ಇದ್ದಾಗ ನೂರಕ್ಕೆ ಎಂಟು ಜನ ಇನ್ನೊಬ್ಬರ ಹೆಸರು ಕೊಡುತ್ತಿದ್ದರು. ಇಲ್ಲದಾಗ ಮೂವತ್ತೊಂದು ಜನ ಕೊಟ್ಟರು.

ಎಂಟನ್ನು ಕಳೆದು ಉಳಿದ ಇಪ್ಪತ್ತಮೂರು ಜನ ಯಾರು ಎಂದು ಅವಳು ಆ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಎರಡು ವರ್ಷದಿಂದ ನಡೆಯುತ್ತಿದ್ದ ಫಾರಂ ಅದು, ಐದು ಆಸ್ಪತ್ರೆಗಳಲ್ಲಿ.

ವರದಿ ಬರೆಯುವಾಗ ತಂಡದ ಹುಡುಗಿಯೊಬ್ಬಳು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟಳು: ಮೂವತ್ತೊಂದನ್ನು ದಪ್ಪಕ್ಷರದಲ್ಲಿ ಮೇಲೆ ಹಾಕೋಣ ಮೇಡಂ, ತಡವಾದದ್ದನ್ನು ಕೊನೆಯ ಪುಟದಲ್ಲಿ ಹಾಕಿದರಾಯಿತು, ಒಪ್ಪಿಬಿಡುತ್ತಾರೆ. ಒಪ್ಪುತ್ತಾರೆಂದು ಚುಕ್ಕಿಗೂ ಗೊತ್ತಿತ್ತು. ಬೇಡ, ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಹಾಕು ಎಂದಳು. ಐವತ್ತು ಸೆಕೆಂಡಿನದು ಎಪ್ಪತ್ತೆರಡಾದದ್ದು, ಸಾಲು ಮತ್ತೆ ಬಾಗಿಲಾಚೆ ಹೋದದ್ದು, ನಾಲ್ಕು ಜನ ರೇಗಿ ಟ್ಯಾಬ್ ವಾಪಸು ಕೊಟ್ಟದ್ದು, ಒಬ್ಬ ಹೆಂಗಸು ಆ ಪ್ರಶ್ನೆ ಓದಿ ಅತ್ತದ್ದು, ಯಾವುದನ್ನೂ ಬಿಡಲಿಲ್ಲ. ಸಭೆಯಲ್ಲಿ ಚರ್ಚೆ ಎಳೆಯಿತು. ಕೊನೆಗೆ ಆ ಒಂದು ಆಸ್ಪತ್ರೆಯಲ್ಲಿ ಬದಲಾಯಿಸುವುದು, ಉಳಿದ ನಾಲ್ಕರದ್ದು ಮುಂದಿನ ವರ್ಷ ನೋಡುವುದು ಎಂದಾಯಿತು. ಅರ್ಧ ಗೆದ್ದಂತೆ, ಅರ್ಧ ಸೋತಂತೆ. ಹಳೆಯ ಚುಕ್ಕಿಯಾಗಿದ್ದರೆ ಐದನ್ನೂ ಗೆದ್ದುಕೊಂಡು ಬರುತ್ತಿದ್ದಳು ಎಂದು ಅವಳಿಗೇ ಅನ್ನಿಸಿತು. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಎಂದಿನಂತೆ ತಮಾಷೆ ಮಾಡಲಿಲ್ಲ.

ಹೊಸ ಪುಟ ಬಂದ ಮೊದಲ ದಿನ ಅವಳು ದಾಖಲಾತಿ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂತಳು. ಹತ್ತೂವರೆಯ ಹೊತ್ತಿಗೆ ಸಮವಸ್ತ್ರದಲ್ಲೇ ಒಬ್ಬ ಬಸ್ ಚಾಲಕಿ ಬಂದಳು. ಐವತ್ತರ ಆಸುಪಾಸು, ಹೊಟ್ಟೆ ಹಿಡಿದುಕೊಂಡಿದ್ದಳು, ಜೊತೆಗೆ ಡಿಪೋದವನೊಬ್ಬ. ಆಕೆ ಟ್ಯಾಬ್ ತೆಗೆದುಕೊಂಡು ಚಕಚಕನೆ ತುಂಬುತ್ತಾ ಬಂದು ಆ ಪ್ರಶ್ನೆಯಲ್ಲಿ ನಿಂತಳು. 'ಹೌದು' ಒತ್ತಿದಳು. ಒಂದು ನಂಬರಿನ ನಾಲ್ಕೈದು ಅಂಕಿ ಹಾಕಿ ಅಳಿಸಿದಳು. ಮತ್ತೆ ಹಾಕಿದಳು. ಹಿಂದೆ ನಿಂತವರು ಗೊಣಗತೊಡಗಿದರು, ನರ್ಸ್ ಚುಕ್ಕಿಯ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು.

"ಯಾರನ್ನೂ ಬರೀದಿದ್ರೆ ನಡೆಯುತ್ತಾ?" ಎಂದು ಚಾಲಕಿ ಕೇಳಿದಳು.

ಬರೆಯಿರಿ, ಆ ನಂಬರು ಪೂರ್ತಿ ಬರೆಯಿರಿ ಎಂಬ ಮಾತು ಚುಕ್ಕಿಯ ನಾಲಿಗೆಯ ತುದಿಗೆ ಬಂತು. ಅದನ್ನು ಹೇಗೆ ಹೇಳಿದರೆ ಆಕೆ ಬರೆದೇ ಬರೆಯುತ್ತಾಳೆ ಎಂಬುದೂ ಅವಳಿಗೆ ಗೊತ್ತಿತ್ತು.

"ನಡೆಯುತ್ತೆ," ಎಂದಳು. "ಬರೆದ್ರೆ ಅವರಿಗೆ ಇವತ್ತೇ ಫೋನ್ ಹೋಗುತ್ತೆ. ಬರೀದಿದ್ರೆ ಯಾರಿಗೂ ಹೋಗಲ್ಲ. ನಿಧಾನವಾಗಿ ನೋಡಿ."

ಚಾಲಕಿ ತಲೆ ತಗ್ಗಿಸಿದಳು. ನಂಬರನ್ನು ಕೊನೆಯ ಅಂಕಿಯವರೆಗೂ ಹಾಕಿದಳು, ನೋಡಿದಳು, ಒಂದೊಂದಾಗಿ ಅಳಿಸಿ 'ಬೇಡ' ಒತ್ತಿ ಟ್ಯಾಬನ್ನು ವಾಪಸು ಕೊಟ್ಟಳು. ಡಿಪೋದವನು ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಚುಕ್ಕಿ ಕುರ್ಚಿಯಿಂದೆದ್ದು, ಟ್ಯಾಬಿನ ಗಾಜಿನ ಮೇಲೆ ಉಳಿದಿದ್ದ ಬೆರಳಿನ ಬೆವರನ್ನು ಸೆರಗಿನಿಂದ ಒರೆಸಿ, ಮುಂದಿನವರ ಕೈಗೆ ಅದನ್ನು ಕೊಟ್ಟಳು.